ಕ್ಲಿನಿಕ್ಕಿನ ಅಡಿಯನ್ನು ಬೆಚ್ಚಗೆ ಮಾಡಿದ ನಿರ್ದೇಶಕರಿಗೆ

ಗ್ರಾಮೀಣ ಸರ್ಕಾರಿ ಕಟ್ಟಡಗಳ ಕಚೇರಿಯ ನಿರ್ದೇಶಕರು,
ವಾಷಿಂಗ್ಟನ್ ಇವರಿಗೆ

ಮಾನ್ಯರೇ,

ಅಲಾಸ್ಕಾದಲ್ಲಿ ನನ್ನ ಹೆಂಡತಿ ಕೆಲಸ ಮಾಡುವ ಕ್ಲಿನಿಕ್ಕು ನೆಲದೊಳಕ್ಕೆ ಇಳಿಯುತ್ತಿದೆ. ಇಳಿಯುವಂತೆ ಮಾಡಿದ್ದು ಅದರ ಅಡಿಗೆ ನೀವು ಹೊಡೆಸಿದ ಹಲಗೆಗಳು. ಚಳಿ ಹಿಡಿಯುವ ಮೊದಲು ಅವನ್ನು ಬಿಚ್ಚಲು ಅನುಮತಿ ಕೊಡಿ ಎಂದು ಬೇಸಿಗೆಯಿಡೀ ನಿಮ್ಮನ್ನು ಬೇಡಿಕೊಂಡೆ. ಕಳೆದ ವಾರ ಉತ್ತರ ಬಂತು. ಹಲಗೆ ಬಿಚ್ಚುವುದಿಲ್ಲವಂತೆ, ಅದರ ಬದಲು ಅಕ್ಟೋಬರ್ ಕೊನೆಗೆ ಕ್ಲಿನಿಕ್ಕನ್ನೇ ಮುಚ್ಚುತ್ತೀರಂತೆ. ಇಷ್ಟು ಸಾಲದೆಂದು ಕೊನೆಯಲ್ಲಿ ಒಂದು ಸಿಹಿ ಸುದ್ದಿಯನ್ನೂ ಸೇರಿಸಿದ್ದೀರಿ: ಇದರಿಂದ ನನ್ನ ಪತ್ನಿಯವರು ನಮ್ಮ ಮನೆಗೆ ಹತ್ತಿರದ ಆಸ್ಪತ್ರೆಗೆ ಬರಲು ಅನುಕೂಲವಾಗಬಹುದು. ಅಬ್ಬಾ, ಎಂಥ ಕರುಣೆ! ನಾನು ಕೇಳಿದ್ದನ್ನು ಕೊಡದೆ, ನಾನು ಕೇಳಲು ನಾಚಿಕೊಂಡದ್ದನ್ನು ಕೊಟ್ಟಿದ್ದೀರಿ. ಅದನ್ನು ತಿರಸ್ಕರಿಸಲು ಈ ಪತ್ರ ಬರೆಯುತ್ತಿದ್ದೇನೆ.

ಕನ್ನಡದಲ್ಲೇಕೆ ಬರೆಯುತ್ತಿದ್ದೇನೆ ಎಂದು ನೀವು ಕೇಳಬಹುದು. ಕೇಳಲಾರಿರಿ, ಏಕೆಂದರೆ ನಿಮಗೆ ಇದು ಕನ್ನಡ ಎಂದೂ ಗೊತ್ತಾಗುವುದಿಲ್ಲ. ಇಂಗ್ಲಿಷಿನಲ್ಲಿ ವಿನಯದಿಂದ ಬರೆದೆ, ಖಾರವಾಗಿ ಬರೆದೆ, ವಕೀಲರ ಭಾಷೆಯಲ್ಲಿಯೂ ಬರೆದು ನೋಡಿದೆ. ಪ್ರತಿಸಲವೂ ನಿಮ್ಮ ಯಂತ್ರ ನನಗೆ ಧನ್ಯವಾದ ಹೇಳಿತು. ಓದದೇ ಇರುವವರಿಗೆ ಯಾವ ಭಾಷೆಯಾದರೇನು? ಕನಿಷ್ಠ ನನ್ನ ಭಾಷೆಯಲ್ಲಿ ಬೈದರೆ ನನ್ನ ಹೊಟ್ಟೆಯಾದರೂ ತಣ್ಣಗಾದೀತು. ಇನ್ನೊಂದು ಆಸೆಯೂ ಇದೆ. ಈ ಪತ್ರ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ನಿಮ್ಮ ಕಚೇರಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರಲ್ಲಿ ನಮ್ಮವರು ಕಡಿಮೆಯೇನಿಲ್ಲ. ಯಾರಾದರೊಬ್ಬರು ಊಟದ ಬಿಡುವಿನಲ್ಲಿ ಓದಿ, ನಿಮ್ಮ ಬಾಗಿಲು ತಟ್ಟಿ, "ಸರ್, ನಿಮ್ಮನ್ನು ಯಾರೋ ಬೈದಿದ್ದಾರೆ" ಎಂದು ಹೇಳಿಯಾರು.

ನಾನು ಅಮೃತ್. ಗದಗದ ಕಡೆಯವನು. ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿ ಮನೆ, ಗಡಿಯಾಚೆ ಶಾರ್ಲೆಟ್‌ನಲ್ಲಿ ಒಂದು ಬ್ಯಾಂಕಿನ ಸಾಫ್ಟ್‌ವೇರ್ ಕೆಲಸ. ಹೆಂಡತಿ ಸ್ಮಿತಾ ವಿಜಯಪುರದವಳು, ಡಾಕ್ಟರು. ಹೊರದೇಶದಿಂದ ಬಂದು ಇಲ್ಲಿ ತರಬೇತಿ ಮುಗಿಸಿದ ಡಾಕ್ಟರು ಈ ದೇಶದಲ್ಲೇ ಉಳಿಯಬೇಕೆಂದರೆ ಡಾಕ್ಟರಿಲ್ಲದ ಊರಿನಲ್ಲಿ ಮೂರು ವರ್ಷ ದುಡಿಯಬೇಕು ಎಂಬ ನಿಯಮ ನಿಮ್ಮ ಸರ್ಕಾರದ್ದೇ. ನಮ್ಮ ಸುತ್ತಲಿನ ಜಾಗಗಳೆಲ್ಲ ಆ ವರ್ಷ ಭರ್ತಿಯಾಗಿದ್ದವು. ಸ್ಮಿತಾಳಿಗೆ ಸಿಕ್ಕಿದ್ದು ಅಲಾಸ್ಕಾದ ಒಂದು ನದಿತೀರದ ಊರು. ಸುತ್ತಲಿನ ಹಳ್ಳಿಗಳಿಗೂ ಅದೊಂದೇ ಕ್ಲಿನಿಕ್ಕು, ಈಗ ಅವಳೊಬ್ಬಳೇ ಡಾಕ್ಟರು. ಅಲ್ಲಿಗೆ ರಸ್ತೆಯಿಲ್ಲ, ಸಣ್ಣ ವಿಮಾನದಲ್ಲಿ ಹೋಗಬೇಕು. ನಾನೂ ಜೊತೆಗೆ ಹೋಗಬಹುದಿತ್ತಲ್ಲ ಎಂದು ಎಲ್ಲರೂ ಕೇಳುತ್ತಾರೆ. ನನ್ನ ವೀಸಾ ನನ್ನ ಕುರ್ಚಿಗೆ ಕಟ್ಟಿದೆ ಸ್ವಾಮಿ, ಕುರ್ಚಿ ಶಾರ್ಲೆಟ್‌ನಲ್ಲಿದೆ. ಹೋದ ವರ್ಷ ಆಗಸ್ಟಿನಲ್ಲಿ ಅವಳನ್ನು ವಿಮಾನ ಹತ್ತಿಸಿ ಬಂದೆ. ಅಂದಿನಿಂದ ಮನೆಯಲ್ಲಿ ನಾನು, ಟಿವಿ, ಮತ್ತು ಹುಲ್ಲು ಉದ್ದ ಬೆಳೆದಿದೆ ಎಂದು ಎಚ್ಚರಿಕೆ ಕಳಿಸುವ ಬಡಾವಣೆಯ ಸಂಘ.

ಯುಗಾದಿಗೆ ಕನ್ನಡ ಸಂಘಕ್ಕೆ ಒಬ್ಬನೇ ಹೋದೆ. ಎಲ್ಲರೂ ಮಕ್ಕಳ ಕುಣಿತದ ಫೋಟೋ ತೆಗೆಯುತ್ತಿದ್ದರು. ಕಾತ್ಯಾಯಿನಿ ಆಂಟಿ, ನಮ್ಮ ಬಡಾವಣೆಯ ಹಿರಿಯರು, ತಟ್ಟೆಗೆ ಎರಡನೆಯ ಹೋಳಿಗೆ ಹಾಕುತ್ತ ದನಿ ತಗ್ಗಿಸಿ ಕೇಳಿದರು: "ಅಲ್ಲಪ್ಪಾ ಅಮೃತ್, ತಪ್ಪು ತಿಳ್ಕೋಬೇಡ. ನೀನು ಸ್ಮಿತಾ ಇಬ್ರೂ ಚೆನ್ನಾಗಿದ್ದೀರಾ ತಾನೇ?" ಚೆನ್ನಾಗಿದ್ದೇವೆ ಆಂಟಿ, ಅವಳು ಅಲಾಸ್ಕಾದಲ್ಲಿದ್ದಾಳೆ ಅಷ್ಟೇ ಎಂದೆ. "ಅಲಾಸ್ಕಾ ಅಂದ್ರೆ ಎಲ್ಲಾರೂ ಕ್ರೂಸ್‌ಗೆ ಹೋಗ್ತಾರಲ್ಲ ಅದೇನಾ?" ಎಂದರು. ಅದೇ ಎಂದೆ. ಅಂದಿನಿಂದ ಜನ ನನ್ನನ್ನು ಕಂಡರೆ ಒಂದು ಬಗೆಯ ಮೆತ್ತನೆಯ ದನಿಯಲ್ಲಿ ಮಾತಾಡುತ್ತಾರೆ, ಸೂತಕದ ಮನೆಯವರ ಜೊತೆ ಆಡುವ ಹಾಗೆ. ನಾನು ಈಗ ಸಂಘಕ್ಕೆ ಹೋಗುವುದನ್ನು ಕಡಿಮೆ ಮಾಡಿದ್ದೇನೆ.

ಇದೆಲ್ಲ ನಿಮಗೇಕೆ ಎನ್ನುತ್ತೀರಾ? ತಾಳಿ, ನಿಮ್ಮ ಹಲಗೆಗೇ ಬರುತ್ತಿದ್ದೇನೆ. ಹೊರಡುವ ಮೊದಲು ಸ್ಮಿತಾ ಅಡುಗೆಮನೆ ಬಿಟ್ಟು ಹೊರಬರಲಿಲ್ಲ. ಎಣ್ಣೆಗಾಯಿ, ಮಡಕಿಕಾಳಿನ ಪಲ್ಯ, ಶೇಂಗಾ ಹೋಳಿಗೆ ಮಾಡಿ ಮಾಡಿ ಡಬ್ಬಿಗೆ ತುಂಬಿ ಗರಾಜಿನ ಫ್ರೀಜರಿಗೆ ಸೇರಿಸಿದಳು. ನಾನು ಜಿಪುಣನ ಹಾಗೆ ಭಾನುವಾರಕ್ಕೊಂದು ಡಬ್ಬಿ ತೆಗೆಯುತ್ತಿದ್ದೆ. ಅವಳು ಹೋಗಿ ಎರಡು ತಿಂಗಳೂ ಆಗಿರಲಿಲ್ಲ, ಸೆಪ್ಟೆಂಬರಿನ ದೊಡ್ಡ ಬಿರುಗಾಳಿ ಬಂತು. ನಮ್ಮ ಕಡೆ ದಿನಗಟ್ಟಲೆ ಕರೆಂಟು ಇರಲಿಲ್ಲ. ಕರೆಂಟು ಬಂದ ಮೇಲೆ ಫ್ರೀಜರು ತನ್ನ ಕೆಲಸ ತಾನು ಮಾಡಿತು, ಎಲ್ಲವನ್ನೂ ಮತ್ತೆ ಕಲ್ಲಾಗಿಸಿತು. ಆದರೆ ಡಬ್ಬಿ ತೆರೆದರೆ ಎಣ್ಣೆಗಾಯಿಯಲ್ಲಿ ಬದನೆಕಾಯಿ ಎಲ್ಲಿ, ಮಸಾಲೆ ಎಲ್ಲಿ? ಎಲ್ಲ ಸೇರಿ ಒಂದು ರಾಡಿ. ಒಮ್ಮೆ ಕರಗಿ ಹೋದದ್ದು ಮತ್ತೆ ಹೆಪ್ಪುಗಟ್ಟಿದರೂ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಕಸದ ಡಬ್ಬಿಯ ಮುಂದೆ ನಿಂತು ನಾನು ಅತ್ತುಬಿಟ್ಟೆ. ನಗುವುದಿದ್ದರೆ ನಗಿ.

ಆ ಊರಿನ ನೆಲವೂ ಇಂಥದ್ದೇ ಒಂದು ಫ್ರೀಜರು. ಅಲ್ಲಿನ ಮಣ್ಣಿನಲ್ಲಿ ಮಣ್ಣಿಗಿಂತ ಮಂಜುಗಡ್ಡೆಯೇ ಹೆಚ್ಚು, ಸಾವಿರಾರು ವರ್ಷದಿಂದ ಹಾಗೇ ಇದೆ. ಬೇಸಿಗೆಯಲ್ಲಿ ಮೇಲಿನ ಪದರ ಒಂದಿಷ್ಟು ಕರಗುತ್ತದೆ, ಚಳಿಗಾಲಕ್ಕೆ ಮತ್ತೆ ಗಟ್ಟಿಯಾಗುತ್ತದೆ. ಅದರ ಕೆಳಗಿನದು ಮಾತ್ರ ಕರಗಕೂಡದು, ಇಡೀ ಊರು ನಿಂತಿರುವುದು ಅದರ ಮೇಲೆ. ಮಂಜು ಗಟ್ಟಿಯಿರುವ ತನಕ ಅದು ಬಂಡೆ, ಕರಗಿದರೆ ಅಂಬಲಿ. ಹೀಗಾಗಿ ಅಲ್ಲಿ ಮನೆ ಕಟ್ಟುವವರು ಕಂಬಗಳ ಮೇಲೆ ಕಟ್ಟುತ್ತಾರೆ. ಮನೆಯ ತಳಕ್ಕೂ ನೆಲಕ್ಕೂ ನಡುವೆ ಒಬ್ಬ ಮನುಷ್ಯ ಬಗ್ಗಿ ಹೋಗುವಷ್ಟು ಜಾಗ ಖಾಲಿ ಬಿಡುತ್ತಾರೆ. ಚಳಿಗಾಲದ ಗಾಳಿ ಆ ಸಂದಿಯಲ್ಲಿ ಹಾದು, ಮೇಲಿನ ಮನೆಯ ಬಿಸಿಯನ್ನು ಹೊತ್ತುಕೊಂಡು ಹೋಗಿ, ನೆಲವನ್ನು ಮುಂದಿನ ಬೇಸಿಗೆಗೆ ಗಟ್ಟಿ ಮಾಡುತ್ತದೆ. ನಿಮ್ಮ ಕ್ಲಿನಿಕ್ಕನ್ನೂ ಹೀಗೆಯೇ ಕಟ್ಟಿದ್ದರು, ದಶಕಗಳ ಕಾಲ ಅದು ನೆಟ್ಟಗೆ ನಿಂತಿತ್ತು.

ಆಮೇಲೆ ತಾವು ಬಂದಿರಿ. ಇಂಧನ ಉಳಿಸುವ ಯೋಜನೆಯಡಿ ಸರ್ಕಾರಿ ಕಟ್ಟಡಗಳನ್ನು ಸುಧಾರಿಸಲು ಹೊರಟಿರಿ. ಒಳ್ಳೆಯ ಕೆಲಸವೇ. ಅದಕ್ಕೊಂದು ನಿಯಮಾವಳಿ ಬೇಕಲ್ಲ, ಅದನ್ನು ಬರೆದವರು ನಿಮ್ಮ ಅಟ್ಲಾಂಟಾ ಶಾಖೆಯವರು. ಅಟ್ಲಾಂಟಾದವರು ಏನು ಬರೆದಾರು? ಈ ಕಡೆ ನಮ್ಮ ಮನೆಗಳ ಕೆಳಗೂ ಒಂದು ಸಂದಿ ಇರುತ್ತದೆ, ಕ್ರಾಲ್ ಸ್ಪೇಸ್ ಅನ್ನುತ್ತೇವೆ. ಇಲ್ಲಿನ ಸೆಕೆಗೆ ಅದರೊಳಗೆ ಬೂಷ್ಟು ಹಿಡಿಯುತ್ತದೆ, ಹಾವು ಇಲಿ ಸೇರುತ್ತವೆ. ಅದಕ್ಕೇ ಸುತ್ತ ಹಲಗೆ ಹೊಡೆದು, ನೆಲಕ್ಕೆ ಬಿಳಿ ಪ್ಲಾಸ್ಟಿಕ್ಕು ಹಾಸಿ, ಮನೆಯ ಬೆಚ್ಚನೆಯ ಗಾಳಿಯನ್ನು ಒಂದು ಕೊಳವೆಯಲ್ಲಿ ಒಳಗೆ ಬಿಡುತ್ತೇವೆ. ಜಾರ್ಜಿಯಾದಲ್ಲಿ, ಕ್ಯಾರೊಲೈನಾಗಳಲ್ಲಿ ಇದು ಅಪ್ಪಟ ಜಾಣತನ. ನಾನೂ ಮಾಡಿಸಿದ್ದೇನೆ. ನಿಮ್ಮವರು ಅದೇ ಪುಟವನ್ನು ದೇಶಕ್ಕೆಲ್ಲ ಹಂಚಿದರು. ಅಲಾಸ್ಕಾದ ಕ್ಲಿನಿಕ್ಕಿನ ಕೆಳಗೆ ಗಾಳಿ ಆಡುವುದನ್ನು ಕಂಡು, ಅಯ್ಯೋ ಪಾಪ, ಇಷ್ಟು ವರ್ಷ ಇದನ್ನು ಮುಚ್ಚುವುದು ಯಾರಿಗೂ ಹೊಳೆದಿಲ್ಲವಲ್ಲ ಎಂದು ಮರುಗಿ, ಫೋಮ್ ತುಂಬಿದ ಹಲಗೆಯಿಂದ ಸುತ್ತ ಮುಚ್ಚಿ, ಒಳಗೆ ಬಿಸಿಗಾಳಿ ಬಿಟ್ಟರು. ಫ್ರೀಜರಿನೊಳಗೆ ಒಲೆ ಹಚ್ಚಿದರು. ಊರಿನ ಮಂಡಳಿ ಬೇಡವೆಂದು ಬರೆದಾಗ, ತೇವಾಂಶ ನಿಯಂತ್ರಣದ ಮಹತ್ವ ವಿವರಿಸುವ ಬಣ್ಣದ ಕರಪತ್ರ ಕಳಿಸಿದರು.

ಸ್ಮಿತಾ ಅಲ್ಲಿಗೆ ಹೋಗುವ ಹಿಂದಿನ ವರ್ಷವೇ ಹಲಗೆ ಹೊಡೆದಾಗಿತ್ತು. ಮೊದಲ ಚಳಿಗಾಲದಲ್ಲಿ ಅವಳು ಫೋನಿನಲ್ಲಿ, "ರೀ, ಇಲ್ಲಿ ಹೊರಗ ನಿಂತ್ರ ಕಣ್ಣಿನ ರೆಪ್ಪಿ ಅಂಟಿಕೋತಾವ, ಆದ್ರ ಕ್ಲಿನಿಕ್‌ನ್ಯಾಗ ನೆಲ ಎಷ್ಟ್ ಬೆಚ್ಚಗ ಐತಿ ಗೊತ್ತೇನ್? ಬರಿಗಾಲಾಗ ಅಡ್ಡಾಡಬಹುದು" ಎಂದಳು. "ಚಲೋ ಆತಲ್ಲ, ನನಗ ನಿನ್ನ ಕಾಲಿಂದ ಚಿಂತಿ ಇತ್ತು" ಎಂದೆ ನಾನು. ನೆಮ್ಮದಿಯಾಯಿತು. ಅಷ್ಟು ದೂರದಲ್ಲಿ ಅವಳ ಪಾದ ಬೆಚ್ಚಗಿದೆ ಎಂದರೆ ಬೇರೇನು ಬೇಕು? ಮಾರ್ಚಿನ ಹೊತ್ತಿಗೆ ಬಾಗಿಲು ಚೌಕಟ್ಟಿಗೆ ಉಜ್ಜತೊಡಗಿತು, ಬಡಗಿಯಿಂದ ಕೆತ್ತಿಸಿದರು. ಮತ್ತೆ ಉಜ್ಜಿತು, ಮತ್ತೆ ಕೆತ್ತಿಸಿದರು. ಮೇ ತಿಂಗಳಿಗೆ ಬಾಗಿಲಿನ ಕೆಳಗೆ ಬೆಕ್ಕು ನುಸುಳುವಷ್ಟು ಸಂದಿಯಾಗಿತ್ತು.

ಜೂನಿನಲ್ಲಿ ರಜೆ ಹಾಕಿ ನಾನೇ ಹೋದೆ. ವಿಮಾನ ಇಳಿಯುವಾಗ ಪೈಲಟ್ ತಿರುಗಿ ನೋಡಿ ಬೆಲ್ಟು ಬಿಗಿ ಮಾಡಿಕೊಳ್ಳಲು ಹೇಳಿದ. ಏಕೆಂದು ಕೇಳುವಷ್ಟರಲ್ಲಿ ಗೊತ್ತಾಯಿತು. ಇಳಿದಾಣದ ಅಡಿಯ ನೆಲವೂ ಅಲ್ಲಲ್ಲಿ ಕರಗಿ ಕುಸಿದಿದೆ, ನಮ್ಮ ಊರಿನ ಹಳೆಯ ಬಸ್ಸಿನಲ್ಲಿ ಹಿಂದಿನ ಸೀಟಿನವನು ಎಗರಿದ ಹಾಗೆ ಎಗರಿದೆವು. ಊರಲ್ಲಿ ಕರೆಂಟಿನ ಕಂಬಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲಿವೆ. ನೀರಿನ ಕೊಳವೆ ಅಲ್ಲಿ ನೆಲದ ಮೇಲೆಯೇ ಹೋಗುತ್ತದೆ. ಅದರ ಆಧಾರ ಕುಸಿದು ಕೊಳವೆ ಕೀಲಿನಲ್ಲಿ ಬಿಟ್ಟುಕೊಂಡು, ಊರಿನ ಅರ್ಧ ಜನ ಕ್ಯಾನುಗಳಲ್ಲಿ ನೀರು ಹೊರುತ್ತಿದ್ದರು. ಇವೆಲ್ಲ ನಿಮ್ಮ ತಪ್ಪಲ್ಲ, ಒಪ್ಪಿದೆ. ಚಳಿಗಾಲ ಗಿಡ್ಡವಾಗಿದೆ, ಮಳೆ ಹೆಚ್ಚಾಗಿದೆ, ಇಡೀ ಊರಿನ ನೆಲಕ್ಕೇ ಜ್ವರ ಬಂದಿದೆ. ಅದರಲ್ಲಿ ದಿನಾ ಹೆದ್ದಾರಿಯಲ್ಲಿ ಒಬ್ಬನೇ ಕಾರು ಓಡಿಸಿಕೊಂಡು ಶಾರ್ಲೆಟ್‌ಗೆ ಹೋಗಿಬರುವ ನನ್ನ ಪಾಲೂ ಇದೆ. ಆದರೆ ಆ ಸಾಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ವಾಲಿದ್ದು ನಿಮ್ಮ ಕ್ಲಿನಿಕ್ಕು. ಅದರ ಪಕ್ಕದಲ್ಲೇ, ಅದೇ ಕಾಲದ್ದು, ಅಡಿ ತೆರೆದೇ ಇರುವ ಅಂಚೆಮನೆ ಸ್ವಲ್ಪವೇ ಬಾಗಿ ನಿಂತಿದೆ.

ಕ್ಲಿನಿಕ್ಕಿನ ಒಳಗೆ ಗಾಲಿಕುರ್ಚಿಗೆ ಬ್ರೇಕು ಹಾಕದಿದ್ದರೆ ರೋಗಿ ತಾನಾಗಿಯೇ ಔಷಧಿ ಕೋಣೆಗೆ ಹೋಗಿ ಸೇರುತ್ತಾನೆ. ಪರೀಕ್ಷೆಯ ಮಂಚದ ಎರಡು ಕಾಲಿಗೆ ಹಳೆಯ ದೂರವಾಣಿ ಪುಸ್ತಕ ಕೊಟ್ಟಿದ್ದಾರೆ. ಆಗ್ನೆಸ್ ಎಂಬ ಆ ಊರಿನದೇ ಹೆಂಗಸು ಅಲ್ಲಿ ಸ್ಮಿತಾಳ ಜೊತೆ ಕೆಲಸ ಮಾಡುತ್ತಾಳೆ, ಗಟ್ಟಿಯಾಗಿ ನಗುವವಳು. ನನ್ನನ್ನು ಕಂಡದ್ದೇ "ಇವರೇನಾ ಫ್ರೀಜರ್ ಗಂಡ?" ಎಂದು ಸ್ಮಿತಾಳನ್ನು ಕೇಳಿದಳು. ನನ್ನ ಬದನೆಕಾಯಿ ಪ್ರಸಂಗ ಧ್ರುವದ ತನಕ ತಲುಪಿತ್ತು. ಕಟ್ಟಡದ ಹಿಂಬದಿಗೆ ಕರೆದೊಯ್ದು ಒಂದು ಸಣ್ಣ ಬಾಗಿಲು ತೆಗೆದು ತೋರಿಸಿದಳು. ಮೊಬೈಲಿನ ಬೆಳಕು ಬಿಟ್ಟು ಒಳಗೆ ತಲೆ ಹಾಕಿದೆ. ಹಾಕಿದವನು ಹಾಗೇ ನಿಂತುಬಿಟ್ಟೆ. ನನ್ನ ಮನೆಯ ಕೆಳಗಿರುವ ಅದೇ ಬಿಳಿ ಪ್ಲಾಸ್ಟಿಕ್ಕು, ಅದೇ ಬೆಳ್ಳಿ ಬಣ್ಣದ ಟೇಪು, ಮೂಲೆಯಲ್ಲಿ ಅದೇ ಕೊಳವೆ. ಫೋರ್ಟ್ ಮಿಲ್‌ನ ಕ್ರಾಲ್ ಸ್ಪೇಸು ಎದ್ದು ಅಲಾಸ್ಕಾಕ್ಕೆ ನಡೆದು ಬಂದಿದೆ. ಒಂದೇ ವ್ಯತ್ಯಾಸ, ಇಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಮೊಣಕಾಲುದ್ದ ಕೆಸರು ನೀರು ನಿಂತಿತ್ತು, ಕಂಬಗಳು ಅದರಲ್ಲಿ ಸೊಟ್ಟಗೆ ನಿಂತಿದ್ದವು.

ನಾನು ಕಟ್ಟಡ ಕಟ್ಟುವ ಇಂಜಿನಿಯರನಲ್ಲ. ಆದರೆ ಓದು ಬರುತ್ತದೆ. ಹೆಪ್ಪುಗಟ್ಟಿದ ನೆಲದ ಮೇಲಿನ ಕಟ್ಟಡದ ಅಡಿ ಮುಚ್ಚಬಾರದು ಎಂಬುದು ನಿಮ್ಮದೇ ಸರ್ಕಾರದ ಇನ್ನೊಂದು ಇಲಾಖೆಯ ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿದೆ. ಆ ಇಲಾಖೆ ಇರುವುದು ನಿಮ್ಮ ಕಚೇರಿಯಿಂದ ನಡೆದುಹೋಗುವ ದೂರದಲ್ಲಿ. ನಡೆದು ಹೋಗಿ ಕೇಳಬಹುದಿತ್ತು. ವಾಷಿಂಗ್ಟನ್ನಿನಲ್ಲಿ ಚೆರ್ರಿ ಹೂವು ನೋಡಲು ನಡೆಯುತ್ತೀರಿ, ಇದಕ್ಕೆ ನಡೆಯಲು ಏನಾಗಿತ್ತು?

ಆಗಸ್ಟಿನಲ್ಲಿ ನಾನೇ ಕಾರು ಓಡಿಸಿಕೊಂಡು ನಿಮ್ಮ ಕಚೇರಿಗೆ ಬಂದೆ. ಸ್ವಾಗತಕಾರಿಣಿ ಬಹಳ ಮರ್ಯಾದೆಯಿಂದ ನನಗೆ ಒಂದು ಫೋನ್ ನಂಬರು ಕೊಟ್ಟಳು. ಅಲ್ಲೇ ನಿಂತು ಒತ್ತಿದೆ. ಅವಳ ಮೇಜಿನ ಮೇಲಿನ ಫೋನೇ ರಿಂಗಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಿರ್ದೇಶಕರು ಸಭೆಯಲ್ಲಿದ್ದಾರೆ ಎಂದಳು, ಫೋನಿನಲ್ಲಿಯೇ.

ಆ ಸಂಜೆ ವರ್ಜೀನಿಯಾದಲ್ಲಿ ಪರಿಚಯದವರ ಮನೆಯಲ್ಲಿ ನಿಮ್ಮ ಕಚೇರಿಯ ಕಂಪ್ಯೂಟರ್ ವ್ಯವಸ್ಥೆ ಬಲ್ಲ ಒಬ್ಬ ಮೈಸೂರಿನ ಹಿರಿಯರು ಸಿಕ್ಕರು. ಅವರನ್ನು ತ್ಯಾಗರಾಜ ಎಂದು ಕರೆಯುತ್ತೇನೆ. ಅದು ಅವರ ಹೆಸರಲ್ಲ, ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ. ಕಾಫಿ ಕೈಯಲ್ಲಿ ಹಿಡಿದು ನನ್ನ ಕಥೆಯನ್ನೆಲ್ಲ ಕೇಳಿ ಅವರು ನಕ್ಕರು. "ಅಯ್ಯೋ ಅಮೃತ್, ಹಲಗೆ ತಪ್ಪು ಅಂತ ನಿಮ್ಗೊಬ್ರಿಗೇ ಗೊತ್ತಿರೋದು ಅಂದ್ಕೊಂಡ್ರಾ? ಅಲ್ಲಿ ಎಲ್ರಿಗೂ ಗೊತ್ತು. ಆದ್ರೆ ಆ ಬಿಲ್ಡಿಂಗ್ ಸಿಸ್ಟಮ್‌ನಲ್ಲಿ ಕಂಪ್ಲೀಟೆಡ್ ಅಂತ ಗ್ರೀನ್ ಆಗ್ಬಿಟ್ಟಿದೆ. ಸಕ್ಸಸ್ ಸ್ಟೋರಿ ಅಂತ ವೆಬ್‌ಸೈಟ್‌ನಲ್ಲಿ ಫೋಟೋ ಹಾಕಿದ್ದಾರೆ. ಗ್ರೀನ್ ಆಗಿರೋದನ್ನ ವಾಪಸ್ ತೆಗೆಯೋಕೆ ಬಟನ್ನೇ ಇಲ್ಲ. ಬಿಲ್ಡಿಂಗ್ ಕ್ಲೋಸ್ ಮಾಡೋಕೆ ಇದೆ, ಹಲಗೆ ತೆಗೆಯೋಕೆ ಇಲ್ಲ."

ಹಾಗಾದರೆ ಊರಿನವರೇ ಬಿಚ್ಚಿದರೆ ಎಂದೆ. "ಅದೊಂದು ಮಾಡ್ಬೇಡಿ. ಪರ್ಮಿಷನ್ ಇಲ್ದೆ ಮುಟ್ಟಿದ್ರೆ ಕ್ಲಿನಿಕ್‌ಗೆ ಬರೋ ಹೀಟಿಂಗ್ ಆಯಿಲ್ ಅನುದಾನ ನಿಲ್ಲಿಸ್ಬಿಡ್ತಾರೆ" ಎಂದರು. ಆಮೇಲೆ ಲೋಟ ಕೆಳಗಿಟ್ಟು, ನನ್ನ ಮೇಲೆ ನಿಜವಾದ ಮಮತೆಯಿಂದಲೇ ಕೇಳಿದರು: "ಒಂದು ವಿಷ್ಯ ಕೇಳ್ತೀನಿ, ಬೇಜಾರ್ ಮಾಡ್ಕೋಬೇಡಿ. ಕ್ಲಿನಿಕ್ ಕ್ಲೋಸ್ ಆದ್ರೆ ನಿಮ್ಮನೆಯವ್ರು ವಾಪಸ್ ಬರ್ತಾರಲ್ವಾ? ಅದೂ ಅವ್ರ ತಪ್ಪಿಲ್ದೆ. ವೀಸಾಗೂ ತೊಂದ್ರೆ ಇಲ್ಲ. ನೀವ್ಯಾಕ್ರೀ ಇಷ್ಟು ತಲೆ ಕೆಡಿಸ್ಕೊಂಡಿದ್ದೀರಾ?" ಫೋರ್ಟ್ ಮಿಲ್ ತಲುಪುವ ತನಕ ದಾರಿಯುದ್ದಕ್ಕೂ ಅದೇ ಪ್ರಶ್ನೆ ಪಕ್ಕದ ಸೀಟಿನಲ್ಲಿ ಕೂತಿತ್ತು.

ಮಾನ್ಯರೇ, ಕುಸಿತಕ್ಕೆ ದೀರ್ಘಕಾಲದ ಹವಾಮಾನ ಬದಲಾವಣೆಯೇ ಕಾರಣ, ಕಚೇರಿಯ ಕಾಮಗಾರಿ ಮಾನದಂಡಕ್ಕೆ ತಕ್ಕಂತೆಯೇ ಇದೆ ಎಂದು ನೀವು ಬರೆದಿದ್ದೀರಿ. ನಿನ್ನೆಯ ತನಕ ನಿಮ್ಮ ಕಡತಗಳಲ್ಲಿ ಹವಾಮಾನ ಎಂಬ ಪದ ಹುಡುಕಿದರೂ ಸಿಗುತ್ತಿರಲಿಲ್ಲ. ತಪ್ಪು ಹೊರಿಸಲು ಯಾರಾದರೂ ಬೇಕಾದಾಗ ದಿಢೀರನೆ ಪ್ರತ್ಯಕ್ಷವಾಗಿದೆ. ಸರಿ, ಜಗತ್ತು ಬಿಸಿಯಾಗುತ್ತಿದೆ. ಅಲ್ಲಿನ ನೆಲ ಈಗ ಕರಗುವ ಅಂಚಿನಲ್ಲೇ ಕೂತಿದೆ. ಹಾಗಿದ್ದ ಮೇಲೆ ಇನ್ನಷ್ಟು ಎಚ್ಚರಿಕೆ ಬೇಡವೇ? ಜ್ವರದಿಂದ ಸುಡುತ್ತಿರುವವನಿಗೆ ಎರಡು ಕಂಬಳಿ ಹೊದಿಸಿ, ಪಕ್ಕದಲ್ಲಿ ಒಲೆ ಹಚ್ಚಿಟ್ಟು, ಆಮೇಲೆ ಸೆಕೆಗಾಲ ಕೆಟ್ಟದ್ದು ಎಂದರೆ ಯಾವ ಡಾಕ್ಟರು ಒಪ್ಪುತ್ತಾರೆ? ನಿಮ್ಮ ಮಾನದಂಡ ಸರಿಯಾಗಿದ್ದರೆ ಅಂಚೆಮನೆ ಏಕೆ ಇನ್ನೂ ನಿಂತಿದೆ? ಕ್ಲಿನಿಕ್ಕಿನ ಬದಲು ಇಂಟರ್‌ನೆಟ್ಟಿನ ಮೂಲಕ ವೈದ್ಯಕೀಯ ಸೇವೆ ಒದಗಿಸುತ್ತೀರಂತೆ. ಗಾಳಿ ಬೀಸಿದರೆ ಅಲ್ಲಿ ನನ್ನ ಹೆಂಡತಿಯ ಮುಖ ಪರದೆಯ ಮೇಲೆ ಬಾಯಿ ತೆರೆದು ನಿಂತುಬಿಡುತ್ತದೆ, ಅರ್ಧ ಗಂಟೆಯಾದರೂ ಬಾಯಿ ಮುಚ್ಚುವುದಿಲ್ಲ. ಅಂಥ ಇಂಟರ್‌ನೆಟ್ಟಿನಲ್ಲಿ ಹೆರಿಗೆ ಹೇಗೆ ಮಾಡಿಸುತ್ತೀರಿ ಎಂದು ದಯವಿಟ್ಟು ತಿಳಿಸಿ. ತುರ್ತಾದರೆ ವಿಮಾನ ಕಳಿಸುತ್ತೀರಂತೆ. ಅದು ಇಳಿಯುವುದೆಲ್ಲಿ? ಆ ಕುಣಿಯುವ ಇಳಿದಾಣದಲ್ಲಿ ಹಿಮ ಬಿದ್ದಾಗ ಇಳಿಯಲು ಎಷ್ಟೋ ಸಲ ಪೈಲಟ್ಟುಗಳು ಒಪ್ಪುವುದಿಲ್ಲ.

ಈಗ ನಿಮ್ಮ ಉತ್ತರ ಬಂದ ದಿನದ ವಿಷಯ. ಸುಳ್ಳು ಹೇಳುವುದಿಲ್ಲ. ಓದಿ ನನಗೆ ಸಂತೋಷವಾಯಿತು. ಎಷ್ಟು ಸಂತೋಷವೆಂದರೆ, ಒಬ್ಬನೇ ಅಡುಗೆಮನೆಯಲ್ಲಿ ನಿಂತು ಜೋರಾಗಿ ನಕ್ಕುಬಿಟ್ಟೆ. ಇಲ್ಲಿಂದ ಒಂದೂವರೆ ತಾಸಿನ ದಾರಿಯಲ್ಲಿ ಒಂದು ಆಸ್ಪತ್ರೆಗೆ ಡಾಕ್ಟರು ಬೇಕಾಗಿದ್ದಾರೆ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದರೆ ಹುಡುಕಿಟ್ಟಿದ್ದೆ. ಕಪಾಟಿನಲ್ಲಿ ಅವಳ ಭಾಗದಲ್ಲಿ ಸೇರಿಕೊಂಡಿದ್ದ ನನ್ನ ಅಂಗಿಗಳನ್ನು ತೆಗೆದು ಜಾಗ ಖಾಲಿ ಮಾಡಿದೆ. ಇಂಡಿಯನ್ ಅಂಗಡಿಗೆ ಹೋಗಿ ಗುಂಡು ಬದನೆಕಾಯಿ ಆರಿಸಿ ತಂದೆ, ಅವಳು ನಾಳೆಯೇ ಬರುತ್ತಾಳೇನೋ ಎಂಬಂತೆ. ಆಮೇಲೆ ಫೋನು ಮಾಡಿದೆ.

ಪತ್ರವನ್ನು ಓದಿ ಹೇಳಿದೆ. "ನಿಮಗ ಖುಷಿ ಆಗೇತಿ, ಹೌದಿಲ್ಲೋ?" ಎಂದಳು.

"ಹೂಂ," ಎಂದೆ.

"ನನಗೂ ಆತ್ರೀ. ಸುಳ್ಳ್ ಯಾಕ ಹೇಳ್ಲಿ? ಮನಿಗೆ ಹೋಗತೀನಿ ಅಂತ ಒಂದ್ ಘಳಿಗಿ ಕಣ್ಣಾಗ ನೀರಽ ಬಂತು. ಆಮ್ಯಾಲ ಹೊರಗಿನ ಖೋಲಿಗೆ ಬಂದ್ ನೋಡಿದ್ರ ಬೆಂಚ್ ಮ್ಯಾಲ ಮಂದಿ ಕುಂತಾರ. ಆಗ್ನೆಸ್‌ನ ಮಗಳು ಕುಂತಾಳ. ಆಕಿಗೆ ನವೆಂಬರ್‌ದಾಗ ದಿನ ತುಂಬತಾವ್ರಿ. ಮದಲನೇ ಹೆರಿಗಿ ಸುಸೂತ್ರ ಆಗಿಲ್ಲ, ಬಾಳ ರಕ್ತ ಹೋಗಿತ್ತು. ದೂರದ ದವಾಖಾನಿಗೆ ಮುಂಚೇನಽ ಕಳಸೂಣು ಅಂದ್ರ, ಸಣ್ಣ ಕೂಸನ್ನ ಬಿಟ್ಟು ತಿಂಗಳಗಟ್ಟಲೆ ಅಲ್ಲಿ ಹೋಗಿ ಕುಂದರಾಕ ಆಕಿ ಒಲ್ಲೆ ಅಂತಾಳ. 'ಡಾಕ್ಟರ್, ನೀವ್ ಇರ್ತೀರಲ್ಲ' ಅಂತಾಳ. ಏನ್ ಹೇಳ್ಲಿ ಆಕಿಗೆ? ನೀವಽ ಹೇಳ್ರಿ."

ನಾನು ಬದನೆಕಾಯಿಯ ಚೀಲವನ್ನು ಅತ್ತ ಸರಿಸಿದೆ. ಅವಳೇ ಮತ್ತೆ, "ನೀವ್ ಬಾ ಅಂದ್ರ ನಾ ಬರತೀನಿ. ಖರೇನಽ ಬರತೀನಿ. ನೀವೂ ಒಬ್ರಽ ಅದೀರಿ. ಆದ್ರ ನೀವಽ ಅನ್ನಬೇಕು, ಆ ಆಫೀಸಿನವರು ಅಲ್ಲ" ಎಂದಳು.

ನಿರ್ದೇಶಕರೇ, ನೀವು ಒಂದು ಗುಂಡಿಯೊತ್ತಿ ಮುಗಿಸಿದ ವಿಷಯವನ್ನು ಅವಳು ನನ್ನ ನಾಲಗೆಯ ಮೇಲೆ ತಂದಿಟ್ಟಳು. ಬಾ ಎಂಬ ಒಂದಕ್ಷರ. ಇಷ್ಟು ದಿನ ಎಷ್ಟು ಸಲ ಗೋಡೆಗೆ ಹೇಳಿದ್ದೇನೋ! ಆ ಬೆಂಚನ್ನು ನಾನು ನೋಡಿರದಿದ್ದರೆ ಹೇಳಿಬಿಡುತ್ತಿದ್ದೆ. ಜೂನಿನಲ್ಲಿ ಅದರ ಮೇಲೆ ನಾನೇ ಕೂತಿದ್ದೆ. ಪಕ್ಕದಲ್ಲಿ ಕೂತ ಮುದುಕರೊಬ್ಬರು ಬೆಂಚು ವಾಲಿದ್ದರಿಂದ ನಿಧಾನವಾಗಿ ನನ್ನ ಕಡೆಗೆ ಜಾರಿ ಬಂದು ಭುಜಕ್ಕೆ ಒರಗಿದರು, ಕ್ಷಮಿಸಿ ಎಂದು ನಕ್ಕು ಹಿಂದೆ ಸರಿದರು, ಮತ್ತೆ ಜಾರಿದರು. ಕೊನೆಗೆ ಇಬ್ಬರೂ ಹಾಗೇ ಒರಗಿಕೊಂಡು ಕೂತೆವು. ಎಷ್ಟೋ ತಿಂಗಳ ಮೇಲೆ ಒಬ್ಬ ಮನುಷ್ಯ ನನಗೆ ಅಷ್ಟು ಹತ್ತಿರ ಕೂತದ್ದು ಅಂದೇ. ಒಳಗೆ ಸ್ಮಿತಾ ಯಾರನ್ನೋ ಗದರುತ್ತಿದ್ದಳು, ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲವೆಂದು. ಅವರೆಲ್ಲ ಅವಳ ಗದರಿಕೆಗಾಗಿ ದೋಣಿಯಲ್ಲಿ ನದಿ ದಾಟಿ ಬಂದಿದ್ದರು. ಫೋನು ಹಿಡಿದುಕೊಂಡು ನಾನು "ಇರು" ಎಂದೆ. ಸರಿಯಾಗಿ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಹೇಳಿದೆ. ತಂದ ಬದನೆಕಾಯಿಯನ್ನು ಮರುದಿನ ಕಾತ್ಯಾಯಿನಿ ಆಂಟಿಗೆ ಕೊಟ್ಟುಬಂದೆ.

ಆದ್ದರಿಂದ ನನ್ನ ಬೇಡಿಕೆ ಇದು. ಮುಚ್ಚುವ ಆದೇಶವನ್ನು ಹಿಂದಕ್ಕೆ ಪಡೆಯಿರಿ. ನೆಲ ಹೆಪ್ಪುಗಟ್ಟುವ ಮೊದಲು ಹಲಗೆ ಬಿಚ್ಚಲು, ಬಿಸಿಗಾಳಿಯ ಕೊಳವೆ ಮುಚ್ಚಲು ಊರಿನ ಮಂಡಳಿಗೆ ಲಿಖಿತ ಅನುಮತಿ ಕೊಡಿ. ನೀವು ಯಾರನ್ನೂ ಕಳಿಸಬೇಕಾಗಿಲ್ಲ, ಸ್ಕ್ರೂಡ್ರೈವರು ಅಲ್ಲಿಯೂ ಸಿಗುತ್ತದೆ. ನೀರನ್ನು ಅವರೇ ಹೊರಹಾಕುತ್ತಾರೆ, ಕಂಬಗಳಿಗೆ ಜ್ಯಾಕ್ ಕೊಟ್ಟು ಅವರೇ ಎತ್ತುತ್ತಾರೆ. ಕ್ಲಿನಿಕ್ಕು ಖಂಡಿತ ಉಳಿಯುತ್ತದೆ ಎಂದು ಮಾತು ಕೊಡಲಾರೆ. ಕರಗಿದ ನೆಲ ಮೊದಲಿನಂತಾಗುವುದಿಲ್ಲ. ಆದರೆ ಈ ಚಳಿಗಾಲದ ಗಾಳಿ ಅದರ ಅಡಿಗೆ ಹೊಕ್ಕರೆ ಇನ್ನು ಕೆಲವು ವರ್ಷ ನಿಂತೀತು ಎಂದು ನೋಡಿದವರು ಹೇಳುತ್ತಾರೆ. ಅಷ್ಟರಲ್ಲಿ ಬೇರೆ ಜಾಗದಲ್ಲಿ ಹೊಸದು ಕಟ್ಟಬಹುದು. ನಿಮ್ಮ ಕಂಪ್ಯೂಟರಿನಲ್ಲಿ ಅದಕ್ಕೆ ಗುಂಡಿ ಇಲ್ಲದಿದ್ದರೆ ಹೇಳಿ, ನಾನು ಸಾಫ್ಟ್‌ವೇರಿನವನು, ಬಿಟ್ಟಿಯಾಗಿ ಬರೆದು ಕೊಡುತ್ತೇನೆ. ವೆಬ್‌ಸೈಟಿನಲ್ಲಿ ಆ ಫೋಟೋ ಇರಲಿ, ಹಸಿರು ಬಣ್ಣವೂ ಇರಲಿ, ನೀವು ಕ್ಷಮೆ ಕೇಳುವುದೂ ಬೇಡ.

ಅಲ್ಲಿನ ನೆಲ ತಣ್ಣಗಾಗಲಿ, ಅವಳ ಪಾದ ತಣ್ಣಗಾದರೆ ಆಗಲಿ, ನಾನು ಉಣ್ಣೆಯ ಕಾಲುಚೀಲ ಕಳಿಸುತ್ತೇನೆ. ನನ್ನ ಹೆಂಡತಿಯನ್ನು ನನಗೆ ವಾಪಸು ಕೊಡಬೇಡಿ.

ಇಂತಿ,
ಬರುವ ಎರಡು ಚಳಿಗಾಲವೂ ಒಬ್ಬನಿಗೇ ಅನ್ನಕ್ಕಿಡಲು ಒಪ್ಪಿಕೊಂಡಿರುವ
ಅಮೃತ್
ಫೋರ್ಟ್ ಮಿಲ್, ಸೌತ್ ಕ್ಯಾರೊಲೈನಾ
ಸೆಪ್ಟೆಂಬರ್ ೨೦೨೫